'ನಮ್ಮಂಥ ಊರಿಗಲ್ಲ' ಎಂಬ ಮಾತು

"ಇದರ ಕಥಿ ಮುಗೀತ್ರಿ ಸರ್, ಗುಜರಿಗಿ ಹಾಕಿಬಿಡ್ರಿ" ಎಂದ ಶಹಾಪುರದ ಅಂಗಡಿಯ ಹುಡುಗ. ಅವನ ಮೇಜಿನ ಮೇಲಿದ್ದದ್ದು ನಮ್ಮ ಶಾಲೆಯ ಕಂಪ್ಯೂಟರ್. ಇಂಟೆಲ್‌ನ ಆರನೇ ತಲೆಮಾರಿನ ಐ3 ಪ್ರೊಸೆಸರ್, ನಾಲ್ಕು ಜಿಬಿ ಮೆಮೊರಿ. ಫ್ಯಾನು ತಿರುಗುತ್ತಿತ್ತು, ಪರದೆ ಬೆಳಗುತ್ತಿತ್ತು, ಕೀಬೋರ್ಡಿನ ಎಲ್ಲ ಕೀಲಿಗಳೂ ಸರಿಯಾಗಿದ್ದವು. "ಲಿನಕ್ಸ್ ಹಾಕಿದರ ನಡೀತದಲ್ಲಪ್ಪಾ" ಎಂದೆ. "ಅದು ಬೆಂಗಳೂರಾಗ ಇಂಜಿನಿಯರಿಂಗ್ ಓದಿದೋರಿಗ್ರಿ. ನಮ್ಮಂಥಾ ಊರಿಗಿ ನಡ್ಯಾಂಗಿಲ್ರಿ" ಎಂದ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿದ್ದನ್ನು ಹೇಳಿದ. ಅದೇ ಮಾತನ್ನು ಯಾದಗಿರಿಯ ಕಚೇರಿಗಳಲ್ಲಿ, ಸುರಪುರದ ಟೈಪಿಂಗ್ ತರಗತಿಗಳಲ್ಲಿ, ಶಿಕ್ಷಕರ ಸಭೆಗಳಲ್ಲಿ, ಓದಿ ತಿಳಿದವರ ಬಾಯಲ್ಲೇ ಕೇಳಿದ್ದೇನೆ. ಲಿನಕ್ಸ್ ಕಲಿಯುವುದು ಕಷ್ಟ, ಅದರಲ್ಲಿ ಕನ್ನಡ ಬರುವುದಿಲ್ಲ, ನೌಕರಿಗೆ ವಿಂಡೋಸ್ ಬೇಕು, ಹೇಗೂ ಇಲ್ಲಿ ವಿಂಡೋಸ್ ಪುಕ್ಕಟೆಯಾಗಿಯೇ ಸಿಗುತ್ತದೆ. ಈ ನಾಲ್ಕು ಕಾಲುಗಳ ಮೇಲೆ 'ನಮ್ಮಂಥ ಊರಿಗಲ್ಲ' ಎಂಬ ಮಂಚ ನಿಂತಿದೆ. ಇಪ್ಪತ್ತು ವರ್ಷ ಗಣಿತ ಕಲಿಸಿದ ಮೇಷ್ಟ್ರಾಗಿ ಹೇಳುತ್ತೇನೆ, ಈ ಲೆಕ್ಕ ತಲೆಕೆಳಗಾಗಿದೆ. ಹೊಸ ಯಂತ್ರ ಕೊಳ್ಳಲು ದುಡ್ಡಿರುವ, ಕೆಟ್ಟರೆ ಕಂಪನಿಯ ಸರ್ವೀಸ್ ಸೆಂಟರ್ ಹತ್ತಿರವಿರುವ ಬೆಂಗಳೂರಿಗೆ ವಿಂಡೋಸ್ ಹೇಗೋ ನಡೆದೀತು. ಅದು ದುಬಾರಿಯಾಗಿರುವುದು ನಮ್ಮಂಥ ಊರಿಗೇ.

ಮೊದಲು ಯಂತ್ರ ಸತ್ತಿತೆಂಬ ಮಾತನ್ನೇ ನೋಡೋಣ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಷರತ್ತುಗಳ ಮೇಲೆ ಮನೆಬಳಕೆದಾರರಿಗೆ ಇನ್ನೊಂದು ವರ್ಷದ ವಾಯಿದೆ ಕೊಟ್ಟಿತು, ಅಷ್ಟೆ. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕಂಪನಿ ಒಪ್ಪಿದ ಪಟ್ಟಿಯಲ್ಲಿರಬೇಕು. ಬೆರಳೆಣಿಕೆಯ ಅಪವಾದ ಬಿಟ್ಟರೆ ಇಂಟೆಲ್‌ನ ಎಂಟನೇ ತಲೆಮಾರಿಗಿಂತ, ಅಂದರೆ 2017ಕ್ಕಿಂತ, ಹಿಂದಿನವಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಕೆಟ್ಟದ್ದು ಏನೂ ಇಲ್ಲ. ಅದರ ಹೆಸರು ಒಂದು ಪಟ್ಟಿಯಲ್ಲಿಲ್ಲ.

ಶಹಾಪುರದ ಬಜಾರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯ ಮುಂದೆ ಒಮ್ಮೆ ನಿಂತು ನೋಡಿ. ರೈತ ಸುಟ್ಟುಹೋದ ಪಂಪಿನ ಮೋಟಾರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಾನೆ. ಅದನ್ನು ಬಿಚ್ಚಿ, ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಮಾಡಿ ಕೊಡುತ್ತಾರೆ. ಭತ್ತ ಒಣಗುತ್ತಿರುವಾಗ 'ಕಂಪನಿ ಈ ಮಾಡಲ್ ನಿಲ್ಲಿಸಿದೆ, ಹೊಸದು ತಗೊ' ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಹೇಳಿದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಬಿಚ್ಚಿ ನೋಡುವುದು, ಸರಿಮಾಡುವುದು, ಮತ್ತೆ ಹತ್ತು ವರ್ಷ ದುಡಿಸುವುದು ಈ ನೆಲದ ರೂಢಿ. ಕಂಪ್ಯೂಟರಿಗೆ ಮಾತ್ರ ಆ ರೂಢಿಯನ್ನು ನಾವೇಕೆ ಬಿಟ್ಟುಕೊಟ್ಟೆವು? 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್, ಅದಕ್ಕೂ ಮುಂಚೆ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಮುಕ್ತ ತಂತ್ರಾಂಶದ ಗ್ನೂ ಯೋಜನೆ, ಎರಡರ ಹಿಂದೆಯೂ ಇರುವುದು ರಿವೈಂಡಿಂಗ್ ಅಂಗಡಿಯ ಧರ್ಮವೇ. ಕೊಂಡವನಿಗೆ ಬಿಚ್ಚುವ ಹಕ್ಕು, ತಿದ್ದುವ ಹಕ್ಕು, ನೆರೆಯವನಿಗೆ ಕೊಡುವ ಹಕ್ಕು ಇರಬೇಕು ಎಂಬುದು.

ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್‌ಗೆ ಬೇಕಾದ ಮೆಮೊರಿ ಕನಿಷ್ಠ ಎರಡು ಜಿಬಿ, ಸಲೀಸಾಗಿ ಓಡಲು ನಾಲ್ಕು. ಈಗ ಬಳಕೆಯಲ್ಲಿರುವ ಅದರ 22ನೇ ಆವೃತ್ತಿಗೆ 2029ರವರೆಗೆ ಭದ್ರತಾ ಪರಿಷ್ಕರಣೆ ಬರುತ್ತದೆ. ಇಳಿಸಿಕೊಳ್ಳಲು ಸುಮಾರು ಮೂರು ಜಿಬಿ, ಅಂದರೆ ಮೊಬೈಲಿನ ಎರಡು ದಿನದ ಡೇಟಾ. ಒಂದು ಸಲ ಪೆನ್‌ಡ್ರೈವಿಗೆ ಹಾಕಿಕೊಂಡರೆ ತಾಲೂಕಿನ ಎಲ್ಲ ಶಾಲೆಗಳಿಗೂ ಹಾಕಬಹುದು, ಕಾನೂನಿಗೆ ಅಂಜಬೇಕಿಲ್ಲ. ಇದಕ್ಕೂ ಮಿತಿ ಇದೆ. ತೀರ ಹಳೆಯ 32 ಬಿಟ್ ಯಂತ್ರಗಳನ್ನು ಲಿನಕ್ಸ್ ಲೋಕವೂ ಬಿಡುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಎಂಬ ಇನ್ನೊಂದು ಲಿನಕ್ಸ್ ರೂಪ ಅವಕ್ಕೆ ಅನುಸ್ಥಾಪಕವನ್ನೇ ಕೊಡುವುದಿಲ್ಲ. ಆದರೆ ನಮ್ಮ ಶಾಲೆಗಳಲ್ಲಿ ನಾನು ಕಂಡ ಯಂತ್ರಗಳಲ್ಲಿ ಹೆಚ್ಚಿನವು ಅಷ್ಟು ಹಳೆಯವಲ್ಲ.

'ಪುಕ್ಕಟೆ ವಿಂಡೋಸ್' ಎಂಬ ಮಾತಿಗೆ ಬರುತ್ತೇನೆ. ನಮ್ಮ ಕಡೆ ಅದನ್ನು ಕದ್ದ ಮಾಲೆಂದು ಯಾರೂ ಕರೆಯುವುದಿಲ್ಲ, 'ಕ್ರ್ಯಾಕ್ ಹಾಕಿದ್ದು' ಎನ್ನುತ್ತಾರೆ. ಪರಿಷ್ಕರಣೆ ಬಂದರೆ ಕ್ರ್ಯಾಕ್ ಬಿದ್ದುಹೋದೀತೆಂದು ಪರಿಷ್ಕರಣೆಯನ್ನೇ ಬಂದ್ ಮಾಡಿಸಿರುತ್ತಾರೆ. ಕ್ರ್ಯಾಕ್ ಎಲ್ಲಿಂದ ಬಂತು, ಅದರೊಳಗೆ ಇನ್ನೇನು ಬಂತು ಎಂಬುದು ಹಾಕಿದವನಿಗೂ ಗೊತ್ತಿರುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಚುಚ್ಚಿ ತಂದವರಿಗೆಲ್ಲ ಗೊತ್ತು: ಮನೆಗೆ ಬಂದು ತೆಗೆದರೆ ಕಡತಗಳೆಲ್ಲ ಮಾಯ, ಬರೀ ಶಾರ್ಟ್‌ಕಟ್‌ಗಳು. ಆ ಯಂತ್ರದಲ್ಲೇ ಊರ ಮಂದಿಯ ಆಧಾರ್ ಪ್ರತಿ, ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇರುತ್ತವೆ. ಬೆಂಗಳೂರಿಗೋ ಮುಂಬಯಿಗೋ ದುಡಿಯಲು ಹೋದ ಕುಟುಂಬದ ಕಾಗದಗಳೂ ಅಲ್ಲೇ ಇರುತ್ತವೆ. ಖಾತೆಯಿಂದ ಹಣ ಹೋಯಿತೆಂದು ಅಳುತ್ತ ಬಂದ ತಾಯಂದಿರನ್ನು ನಾನು ಶಾಲೆಯ ಅಂಗಳದಲ್ಲಿ ಕಂಡಿದ್ದೇನೆ. ಎಲ್ಲ ಮೋಸಕ್ಕೂ ಕ್ರ್ಯಾಕ್ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಬಡವರ ಕಾಗದಪತ್ರಗಳನ್ನು ಕಾಪಾಡದ ಯಂತ್ರವನ್ನು ಪುಕ್ಕಟೆ ಎಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಇನ್ನು ಕನ್ನಡ. ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ ಎಂಬ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಹಾಗೆನ್ನುವವರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ನುಡಿ ತಂತ್ರಾಂಶವನ್ನು. ಕನ್ನಡ ಗಣಕ ಪರಿಷತ್ತಿನ ನುಡಿ ಈ ಭಾಷೆಗೆ ದೊಡ್ಡ ಉಪಕಾರ ಮಾಡಿದೆ, ಕಚೇರಿಗಳ ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರಿದ್ದು ಬಹುಮಟ್ಟಿಗೆ ಅದರಿಂದ. ಶೇಷಾದ್ರಿವಾಸು ಅವರ ಬರಹ ಸಾವಿರಾರು ಮನೆಗಳಿಗೆ ಅಕ್ಷರ ತಂದಿತು. ಈ ಋಣ ನನಗೂ ಇದೆ. ಆದರೆ ಆ ಕಾಲದ ನುಡಿ ಫಾಂಟುಗಳಲ್ಲಿ ಬರೆದದ್ದು ಕಂಪ್ಯೂಟರಿನ ಕಣ್ಣಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ್ದು ಅದು. ಫಾಂಟು ತೆಗೆದರೆ ಬುಡದಲ್ಲಿ ಉಳಿಯುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಆ ಕಡತವನ್ನು ಮೊಬೈಲಿನಲ್ಲಿ ತೆರೆದರೆ ಓದಲಾಗುವುದಿಲ್ಲ. ಅದರೊಳಗೆ 'ಹುಣಸಗಿ' ಎಂದು ಹುಡುಕಿದರೆ ಸಿಗುವುದಿಲ್ಲ. ಕುರುಡ ಮಗುವಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಮೂಕ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದ ತನ್ನದೇ ಜಾಗವಿದೆ. ಕರ್ನಾಟಕ ಸರ್ಕಾರವೂ 2012ರಲ್ಲಿ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿತು, ನುಡಿಯ ಹೊಸ ಆವೃತ್ತಿಗಳೂ ಆ ದಾರಿಗೆ ಬಂದಿವೆ. ಹಳೆಯ ಫಾಂಟನ್ನು ಬಿಡದಿರುವುದು ನಮ್ಮ ಕಚೇರಿಗಳ ಕೈರೂಢಿ. ಆ ರೂಢಿಯ ತಪ್ಪನ್ನು ಲಿನಕ್ಸ್ ತಲೆಗೆ ಕಟ್ಟುತ್ತಿದ್ದೇವೆ.

ಕೀಲಿಮಣೆಯ ಕಥೆ ಕೇಳಿ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ನುಡಿ ಕೀಲಿಮಣೆಗೆ ಆಧಾರ, ನಮ್ಮ ಗುಮಾಸ್ತರ ಬೆರಳುಗಳು ನಿದ್ದೆಯಲ್ಲೂ ಬಲ್ಲ ವಿನ್ಯಾಸ. ಅದು ಲಿನಕ್ಸ್‌ನ ಒಳಗೇ ಇದೆ, 'ಕಗಪ' ಎಂಬ ಹೆಸರಿನಲ್ಲಿ. ಸೆಟ್ಟಿಂಗ್ಸ್‌ಗೆ ಹೋಗಿ ಕೀಬೋರ್ಡ್ ಸೇರಿಸಿ ಕನ್ನಡದ ಕಗಪ ಆರಿಸಿದರೆ ಸಾಕು, ಬೇರೆ ತಂತ್ರಾಂಶ ಹಾಕುವ ಕೆಲಸವೇ ಇಲ್ಲ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳನ್ನು ಮಾಡಿ ಎಲ್ಲರಿಗೂ ಬಿಟ್ಟವರು ಕನ್ನಡಿಗರೇ ಆದ ಅರವಿಂದ ವಿ.ಕೆ. ಅವು ಡೆಬಿಯನ್ ಭಂಡಾರದಲ್ಲಿವೆ. ಓಂಶಿವಪ್ರಕಾಶ್ 'ಲಿನಕ್ಸಾಯಣ' ಎಂದು ಹೆಸರಿಟ್ಟು ಈ ವಿದ್ಯೆಯನ್ನು ಕನ್ನಡದಲ್ಲೇ ಹೇಳುತ್ತ ಬಂದಿದ್ದಾರೆ. ಲಿಬ್ರೆ ಆಫೀಸಿನ ಮೆನು ಕನ್ನಡದಲ್ಲಿದೆ, ಫೈರ್‌ಫಾಕ್ಸ್ ಕನ್ನಡದಲ್ಲಿದೆ. ಸಂಬಳವಿಲ್ಲದೆ, ರಾತ್ರಿ ಕೂತು ಒಂದೊಂದೇ ಸಾಲು ಅನುವಾದಿಸಿದವರ ಕೆಲಸ ಅದರಲ್ಲಿದೆ. ಆ ಕೆಲಸವನ್ನು ನೋಡದೆಯೇ 'ಕನ್ನಡ ಬರುವುದಿಲ್ಲ' ಎನ್ನುವುದು ಅವರ ದುಡಿಮೆಗೆ ಮಾಡುವ ಅನ್ಯಾಯ.

ಹಳೆಯ ನುಡಿ ಕಡತಗಳು ಸಾವಿರಾರು ಇವೆ, ಅವುಗಳ ಗತಿಯೇನು? ಈ ಪ್ರಶ್ನೆ ನ್ಯಾಯವಾದದ್ದು. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಮುಕ್ತ ತಂತ್ರಾಂಶಗಳೂ ಇವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೊಮ್ಮೆ ತಪ್ಪುತ್ತವೆ, ಕೂತು ತಿದ್ದಬೇಕು. ವಿಂಡೋಸ್‌ನಲ್ಲೇ ಉಳಿದರೂ ಈ ತಿದ್ದುಪಡಿಯಿಂದ ಬಿಡುಗಡೆಯಿಲ್ಲ.

ನೌಕರಿಯ ಮಾತು ಎಲ್ಲಕ್ಕಿಂತ ಬಲವಾದದ್ದು. ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯವಾದದ್ದು 2012ರ ನಿಯಮಗಳಿಂದ, ಅದರ ಹೊಣೆ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನದು. ಅದಕ್ಕೆ ತಯಾರಿ ಮಾಡಿಸುವ ಪುಸ್ತಕ ತೆರೆದರೆ ವಿಂಡೋಸ್, ವರ್ಡ್, ಎಕ್ಸೆಲ್, ನುಡಿ. ಹಾಗಾಗಿ ಸುರಪುರದ ತರಬೇತಿ ಕೇಂದ್ರ ಅದನ್ನೇ ಕಲಿಸುತ್ತದೆ, ಅಂಗಡಿಯವನು ಅದನ್ನೇ ಹಾಕಿಕೊಡುತ್ತಾನೆ, ಕಚೇರಿ ಅದನ್ನೇ ಕೇಳುತ್ತದೆ. ಗಾಣದ ಎತ್ತು ಸುತ್ತಿದಂತೆ. ಆದರೆ ಈ ಸುತ್ತನ್ನು ಹಾಕಿದ್ದು ಯಾವ ದೇವರೂ ಅಲ್ಲ, ಒಂದು ಪಠ್ಯಕ್ರಮ. ಅಕ್ಷರ ಜೋಡಿಸುವುದು, ಕೋಷ್ಟಕ ಹಾಕುವುದು, ಮೊತ್ತ ಕೂಡಿಸುವುದು ಕೌಶಲ. ಅದನ್ನು ಒಂದು ಕಂಪನಿಯ ಗುಂಡಿಗಳ ಹೆಸರಿಗೆ ಕಟ್ಟಿಹಾಕಿ, ಆಮೇಲೆ 'ಜನ ಬೇರೆಯದನ್ನು ಕೇಳುವುದೇ ಇಲ್ಲ' ಎನ್ನುವುದು ಸರಿಯಲ್ಲ.

ಅದೇ ಕಿಯೋನಿಕ್ಸ್ 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ 'ಕಿಯೋ' ಎಂಬ ಅಗ್ಗದ ಕಂಪ್ಯೂಟರನ್ನು ರಾಜ್ಯದ ಮುಂದಿಟ್ಟಿತು. ಆಗ ಹೇಳಿದ ಬೆಲೆ 18,999 ರೂಪಾಯಿ. ಅದರಲ್ಲಿ ಓಡುವುದು ಲಿನಕ್ಸ್. ಅದರ ಪ್ರೊಸೆಸರ್ ರಿಸ್ಕ್-ಫೈವ್ ವಿನ್ಯಾಸದ್ದು, ಅಂದರೆ ಯಾರಿಗೂ ಪರವಾನಗಿ ಶುಲ್ಕ ಕೊಡದೆ ಬಳಸಬಹುದಾದ ಮುಕ್ತ ವಿನ್ಯಾಸ. ಅದನ್ನು ಪ್ರಕಟಿಸಿದ ಐಟಿ ಸಚಿವ ಪ್ರಿಯಾಂಕ್ ಖರ್ಗೆ ನಮ್ಮ ಪಕ್ಕದ ಚಿತ್ತಾಪುರದ ಶಾಸಕರು. ರಾಜ್ಯ ಸರ್ಕಾರವೇ ಲಿನಕ್ಸ್ ಯಂತ್ರವನ್ನು ಅಗ್ಗದ ಕಂಪ್ಯೂಟರ್ ಎಂದು ಮುಂದಿಟ್ಟ ಮೇಲೆ, ಪರೀಕ್ಷೆಯ ಪಠ್ಯದಲ್ಲಿ ಆ ಹೆಸರು ಬಾರದಿರುವುದು ಹೇಗೆ ನ್ಯಾಯ? ಕಿಯೋ ಕೊಂಡುಕೊಟ್ಟ ತಂದೆಗೆ ಮಗ 'ಇದರಾಗ ಪರೀಕ್ಷಾ ಪಾಠ ಇಲ್ಲಪ್ಪ' ಎಂದರೆ ಯಾರು ಉತ್ತರ ಕೊಡುತ್ತಾರೆ?

ಕನ್ನಡ ಮಕ್ಕಳು ಲಿನಕ್ಸ್ ಕಲಿಯಬಲ್ಲರೇ ಎಂದು ಇನ್ನೂ ಅನುಮಾನವಿದ್ದರೆ ಕೇರಳದ ಮಂಜೇಶ್ವರಕ್ಕೆ, ಕುಂಬಳೆಗೆ ಹೋಗಿ ನೋಡಿ. ಕೇರಳ ತನ್ನ ಐಟಿ@ಸ್ಕೂಲ್ ಯೋಜನೆ ಶುರುಮಾಡಿದ್ದು 2001ರಲ್ಲಿ. ಸುಮಾರು ಅದೇ ಹೊತ್ತಿಗೆ ಕರ್ನಾಟಕ 'ಮಾಹಿತಿ ಸಿಂಧು' ಆರಂಭಿಸಿತು. ಕೇರಳ ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು, ಪಾಠ ಹೇಳುವ ಶಿಕ್ಷಕರಿಗೇ ತರಬೇತಿ ಕೊಟ್ಟಿತು, 2017ರಲ್ಲಿ ಅದಕ್ಕೆ ಕೈಟ್ ಎಂಬ ಸಂಸ್ಥೆಯ ರೂಪ ಕೊಟ್ಟಿತು. ನಾವು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟೆವು. ಗುತ್ತಿಗೆ ಮುಗಿದ ದಿನ ಕಲಿಸುವವನೂ ಹೋದ, ಕೋಣೆಗೆ ಬೀಗ ಬಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯನ್ನು ಅದು ಬರೆಯುವುದು ಲಿನಕ್ಸ್‌ನಲ್ಲೇ. 2025ರ ಜೂನ್‌ನಿಂದ ಅಲ್ಲಿನ ಹತ್ತನೇ ತರಗತಿಯ ಎಲ್ಲರಿಗೂ ರೊಬೊಟಿಕ್ಸ್ ಪಾಠವೂ ಇದೆ. ಅದೇ ಅಕ್ಷರ ಓದುವ, ಅದೇ ಮಗ್ಗಿ ಹೇಳುವ ಶಹಾಪುರದ ಮಗುವಿಗೆ ಅದು ಹೇಗೆ ಕಷ್ಟವಾದೀತು?

ಅಷ್ಟು ದೂರ ಹೋಗುವುದೂ ಬೇಡ. 2011ರಿಂದ ನಮ್ಮ ರಾಜ್ಯದಲ್ಲೇ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸೇರಿ ವಿಷಯ ಶಿಕ್ಷಕರ ವೇದಿಕೆ ನಡೆಸಿದರು. ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ಶಿಕ್ಷಕರಿಗೆ ಉಬುಂಟು ಎಂಬ ಲಿನಕ್ಸ್ ರೂಪದಲ್ಲೇ ತರಬೇತಿ. ನಾನೂ ಕೂತಿದ್ದೆ. ನನ್ನ ಪಕ್ಕದಲ್ಲಿದ್ದವರು ನಿವೃತ್ತಿಗೆ ಮೂರು ವರ್ಷವಿದ್ದ ಮೇಷ್ಟ್ರು, ಅಲ್ಲಿಯವರೆಗೆ ಮೌಸ್ ಮುಟ್ಟಿದವರಲ್ಲ. ಎರಡನೇ ದಿನ ಅವರು ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಕೋನ ಬರೆದು, ಒಂದು ಮೂಲೆ ಹಿಡಿದು ಎಳೆದರು. ತ್ರಿಕೋನ ಉದ್ದವಾಯಿತು, ಚಪ್ಪಟೆಯಾಯಿತು, ಮೂರು ಕೋನಗಳ ಮೊತ್ತ ಮಾತ್ರ 180ರಲ್ಲೇ ನಿಂತಿತ್ತು. "ಮೂವತ್ತು ವರ್ಷ ಬೋರ್ಡಿನ ಮ್ಯಾಲ ಹೇಳಿದ್ದು ಈಗ ಕಣ್ಣಿಗಿ ಕಂಡಂಗಾತು ನೋಡ್ರಿ" ಎಂದರು. ಲಿನಕ್ಸ್ ಎಂಬ ಹೆಸರು ಅವರ ತಲೆಯಲ್ಲಿ ಇರಲೇ ಇಲ್ಲ. ಇದ್ದದ್ದು ತ್ರಿಕೋನ.

ನಮ್ಮ ಜಿಲ್ಲೆಯ ಅಂಕಿಗಳನ್ನು ಮುಂದಿಟ್ಟು ಬಾಯಿ ಮುಚ್ಚಿಸುವವರಿದ್ದಾರೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಫಲಿತಾಂಶ ಶೇ 50.59, ಕೊನೆಯ ಸ್ಥಾನ. 2018ರಲ್ಲಿ ನೀತಿ ಆಯೋಗ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಕರ್ನಾಟಕದಿಂದ ಸೇರಿಸಿದ್ದು ರಾಯಚೂರು, ಯಾದಗಿರಿ ಎರಡನ್ನೇ. 'ಪಾಸಾಗುವುದೇ ಕಷ್ಟ ಇರೋ ಕಡೆ ಲಿನಕ್ಸ್ ಯಾಕ್ರಿ' ಎನ್ನುತ್ತಾರೆ. ಹತ್ತು ಕಂಪ್ಯೂಟರಿನ ಕೋಣೆಯಲ್ಲಿ ಎಂಟು ಕೆಟ್ಟಿವೆ ಎಂದು ಬೀಗ ಹಾಕಿದ್ದರೆ ಆ ಮಗು ಜಿಯೋಜೀಬ್ರಾವನ್ನು ಎಲ್ಲಿ ನೋಡೀತು? ಆ ಎಂಟು ಮತ್ತೆ ನಡೆದರೆ ಫಲಿತಾಂಶ ಒಂದೇ ವರ್ಷದಲ್ಲಿ ಹಾರುತ್ತದೆ ಎಂದು ನಾನು ಹೇಳಲಾರೆ. ಮಕ್ಕಳ ಹಿಂದುಳಿಕೆಯನ್ನೇ ಸಾಧನ ಕೊಡದಿರಲು ಕಾರಣ ಮಾಡುವುದು ಕ್ರೌರ್ಯ ಎಂದು ಮಾತ್ರ ಹೇಳಬಲ್ಲೆ.

ಪೆಟ್ಟಿಗೆಯಲ್ಲೇ ಉಳಿದ ಇನ್ನೊಂದು ಸಾಧನವಿದೆ. 2016ರಲ್ಲಿ ಶುರುವಾದ ಅಟಲ್ ಇನ್ನೊವೇಷನ್ ಮಿಷನ್ ಆಯ್ದ ಶಾಲೆಗಳಿಗೆ ಟಿಂಕರಿಂಗ್ ಲ್ಯಾಬಿಗೆಂದು ತಲಾ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಟ್ಟಿದೆ. ಅಲ್ಲಿನ ಕಿಟ್‌ಗಳಲ್ಲಿ ಆರ್ಡುಯಿನೋ ಇರುತ್ತದೆ, 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ಹುಟ್ಟಿದ, ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟ ಪುಟ್ಟ ಸರ್ಕಿಟ್ ಬೋರ್ಡು. 2025ರ ಅಕ್ಟೋಬರ್‌ನಲ್ಲಿ ಕ್ವಾಲ್ಕಾಮ್ ಎಂಬ ದೊಡ್ಡ ಚಿಪ್ ಕಂಪನಿ ಆರ್ಡುಯಿನೋವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಆ ಸುದ್ದಿ ಕೇಳಿ ಹಲವರಿಗೆ ದಿಗಿಲಾಯಿತು. ನನಗೆ ಅಷ್ಟಾಗಲಿಲ್ಲ, ಯಾಕೆಂದರೆ ತೆರೆದಿಟ್ಟ ನಕ್ಷೆಯನ್ನು ಯಾರೂ ಮತ್ತೆ ಮುಚ್ಚಲಾರರು. ಊರೂರಲ್ಲಿ ಸಿಗುವ ಅಗ್ಗದ ಪ್ರತಿ ಬೋರ್ಡುಗಳು ಹುಟ್ಟಿದ್ದೇ ಆ ನಕ್ಷೆಯಿಂದ.

ನಮ್ಮ ಮಕ್ಕಳಿಗೆ ಇಂಥ ಸರ್ಕಿಟ್ ಪರಕೀಯವೂ ಅಲ್ಲ. ಮಧ್ಯರಾತ್ರಿ ತ್ರೀಫೇಸ್ ಕರೆಂಟು ಬಂದಾಗ ತಾನಾಗಿ ಪಂಪು ಹಚ್ಚುವ ಆಟೋ ಸ್ಟಾರ್ಟರ್ ಅನ್ನು ಅವರು ಹೊಲದಲ್ಲೇ ನೋಡಿ ಬೆಳೆದಿದ್ದಾರೆ. ಬಾವಿಯ ನೀರು ಇಳಿದರೆ ಮೋಟಾರು ಒಣಗಿ ಓಡದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆ ಅವರ ಮನೆಯದೇ. ಆ ಪ್ರಶ್ನೆಯನ್ನು ಆರ್ಡುಯಿನೋ ಬೋರ್ಡಿನ ಮೇಲೆ ಬಿಡಿಸಲು ಬೇಕಾದದ್ದು ಆ ಹಳೆಯ ಐ3 ಯಂತ್ರ, ಲಿನಕ್ಸ್, ಒಂದು ಯುಎಸ್‌ಬಿ ತಂತಿ.

ಹೊಸದನ್ನೇ ಕೊಳ್ಳೋಣ ಎನ್ನುವವರು ಈಗಿನ ಬೆಲೆಯನ್ನೂ ನೋಡಬೇಕು. ಎಐ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ನುಂಗುತ್ತಿರುವುದರಿಂದ 2025ರ ಕೊನೆಗೆ ಅವುಗಳ ಬೆಲೆ ಏರಿತು. ಬಡವರ ಕಂಪ್ಯೂಟರ್ ಎನಿಸಿದ್ದ ರಾಸ್‌ಬೆರಿ ಪೈ ಕೂಡ ಡಿಸೆಂಬರ್‌ನಲ್ಲಿ ಬೆಲೆ ಏರಿಸಿತು. ಅದೇ ತಿಂಗಳು ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಮೆಮೊರಿ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಇಂಥ ಹೊತ್ತಿನಲ್ಲಿ ನಡೆಯುವ ನಾಲ್ಕು ಜಿಬಿ ಮೆಮೊರಿಯನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವುದು ಮನೆ ನಡೆಸುವವರು ಮಾಡುವ ಕೆಲಸವಲ್ಲ.

ಲಿನಕ್ಸ್‌ನಲ್ಲಿ ಆಗದ ಕೆಲಸಗಳಿವೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಡತಿ ಅಂಗಡಿ, ಕೋರೆಲ್‌ಡ್ರಾದಲ್ಲಿ ಫ್ಲೆಕ್ಸ್ ಮಾಡುವವರು, ಬೆರಳ ಗುರುತು ಓದುವ ಯಂತ್ರಕ್ಕೆ ವಿಂಡೋಸ್ ಡ್ರೈವರ್ ಮಾತ್ರ ಇರುವ ಸೇವಾ ಕೇಂದ್ರಗಳು ವಿಂಡೋಸ್‌ನಲ್ಲೇ ಇರಲಿ, ದುಡ್ಡು ಕೊಟ್ಟು ಅಸಲಿಯನ್ನೇ ಇಟ್ಟುಕೊಳ್ಳಲಿ. ಆದರೆ ಶಾಲೆಯ ಲ್ಯಾಬಿಗೆ, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಹಾಸ್ಟೆಲ್ಲಿಗೆ ಟ್ಯಾಲಿ ಬೇಕಿಲ್ಲ. ಫ್ಲೆಕ್ಸ್ ಅಂಗಡಿಯ ತೊಂದರೆಯನ್ನು ಮುಂದೆ ಮಾಡಿ ಎಂಟನೇ ತರಗತಿಯ ಹುಡುಗಿಯ ಕೈಯಿಂದ ಕಂಪ್ಯೂಟರ್ ಕಸಿದುಕೊಳ್ಳಬೇಡಿ.

ನಮ್ಮ ಶಾಲೆಯ ಆ ಯಂತ್ರವನ್ನು ಗುಜರಿಗೆ ಕೊಡದೆ ವಾಪಸ್ ತಂದೆ. ಒಂದು ಭಾನುವಾರ ಮಿಂಟ್ ಹಾಕಿದೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಹಿಡಿಯಿತು. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಪಕ್ಕದಲ್ಲಿ ಕೂತು ನೋಡಿದರು, ಮುಂದಿನ ಮೂರು ಯಂತ್ರಗಳಿಗೆ ಅವರೇ ಹಾಕಿದರು.

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳ ಮುಖ್ಯಗುರುಗಳೇ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಲ್ಯಾಬ್ ಕಟ್ಟುವ ಅಧಿಕಾರಿಗಳೇ, ನಿಮ್ಮ ಮೇಜಿಗೆ ನಿರುಪಯುಕ್ತ ಕಂಪ್ಯೂಟರುಗಳ ವಿಲೇವಾರಿ ಪಟ್ಟಿ ಬರುತ್ತದೆ. ಸಹಿ ಹಾಕುವ ಮುನ್ನ ಆ ಪಟ್ಟಿಯ ಒಂದೇ ಒಂದು ಯಂತ್ರಕ್ಕೆ ಪೆನ್‌ಡ್ರೈವ್ ಹಚ್ಚಿ ನೋಡಿ. ಡಿಸ್ಕಿಗೆ ಏನನ್ನೂ ಬರೆಯದೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡುತ್ತದೆ. ನಡೆಯದಿದ್ದರೆ ಆಗ ಸಹಿ ಹಾಕಿ.